ಪರೀಕ್ಷೆಯೇ ಇಲ್ಲದ ಮೊದಲ ವರ್ಷ

ಎಲ್ಲರಿಗೂ ನಮಸ್ಕಾರ.

ರೆಸ್ಯೂಮೆ ಹೇಗಿರಬೇಕು, ಸಂದರ್ಶನದಲ್ಲಿ ಏನು ಹೇಳಬೇಕು, ಯಾವ ಕೋರ್ಸ್ ಮಾಡಿದರೆ ಕೆಲಸ ಬೇಗ ಸಿಗುತ್ತೆ, ಇದನ್ನೆಲ್ಲ ನಿಮಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಕೆಲಸ ಸಿಕ್ಕ ಮೇಲೆ ಏನಾಗುತ್ತದೆ ಅಂತ ಹೇಳುವವರು ಕಡಿಮೆ. ಅದರಲ್ಲೂ ಎರಡನೇ ತಿಂಗಳಿಂದ ಹೆಚ್ಚುಕಡಿಮೆ ಎಂಟನೇ ತಿಂಗಳವರೆಗಿನ ಕಾಲದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅಷ್ಟು ಹೊತ್ತಿಗೆ ಅಭಿನಂದನೆಗಳು ಮುಗಿದಿರುತ್ತವೆ. ಹೊಸ ಐಡಿ ಕಾರ್ಡಿನ ಖುಷಿ ಇಳಿದಿರುತ್ತದೆ. ಒಂದು ಸಂಜೆ ಸುಸ್ತಾಗಿ ಬಂದು ಕೂತಾಗ 'ಇನ್ನು ಮುಂದೆ ದಿನಾ ಹೀಗೇನಾ?' ಅನ್ನಿಸುತ್ತದೆ. ಇವತ್ತು ನಾನು ಮಾತಾಡಬೇಕು ಅಂತ ಬಂದಿರುವುದು ಆ ಕಾಲದ ಬಗ್ಗೆ.

ತುಂಬ ವರ್ಷಗಳಿಂದ ಹೊಸಬರಿಗೆ ಕೆಲಸ ಕಲಿಸುತ್ತಾ ಬಂದಿದ್ದೇನೆ. ಜಾಣರು, ಕಷ್ಟಪಟ್ಟು ಓದಿದವರು, ಒಳ್ಳೆ ಅಂಕ ತೆಗೆದವರು ಈ ತಿಂಗಳುಗಳಲ್ಲಿ ಕುಗ್ಗಿಹೋಗುವುದನ್ನು ನೋಡಿದ್ದೇನೆ. ಅವರಲ್ಲಿ ಏನೂ ಕೊರತೆ ಇರಲಿಲ್ಲ. ಚಿಕ್ಕಂದಿನಿಂದ ಅವರನ್ನು ನಡೆಸಿಕೊಂಡು ಬಂದ ಒಂದು ಏರ್ಪಾಡು ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ಅದು ನಿಂತಿದೆ ಅಂತ ಯಾರೂ ಅವರಿಗೆ ತಿಳಿಸಿರಲಿಲ್ಲ, ಅಷ್ಟೇ.

ಯಾವುದು ಆ ಏರ್ಪಾಡು? ನೀವೇ ಯೋಚನೆ ಮಾಡಿ. ಐದಾರು ವರ್ಷದ ಮಗುವಾಗಿದ್ದಾಗಿಂದ ನಿಮ್ಮ ಕಾಲವನ್ನು ಬೇರೆಯವರು ತುಂಡು ತುಂಡು ಮಾಡಿ ಕೈಗೆ ಕೊಟ್ಟಿದ್ದಾರೆ. ಪಾಠ, ಪರೀಕ್ಷೆ, ಫಲಿತಾಂಶ, ರಜೆ. ಮತ್ತೆ ಪಾಠ. ಯಾವ ಸೆಮಿಸ್ಟರ್ ಎಷ್ಟೇ ಕಷ್ಟವಾದರೂ ಅದು ಮುಗಿಯುವ ತಾರೀಖು ಗೊತ್ತಿರುತ್ತಿತ್ತು. ಮುಗಿದ ಮೇಲೆ ಒಂದು ಅಂಕಪಟ್ಟಿ ಬರುತ್ತಿತ್ತು. ಚೆನ್ನಾಗಿ ಮಾಡಿದ್ದೀರೋ ಇಲ್ಲವೋ ಅನ್ನುವುದು ಅದರಲ್ಲಿ ಅಚ್ಚಾಗಿರುತ್ತಿತ್ತು. ಅಂಕ ಕಡಿಮೆ ಬಂದರೆ ಬೇಜಾರಾಗುತ್ತಿತ್ತು, ನಿಜ. ಆದರೆ ನೀವು ಎಲ್ಲಿ ನಿಂತಿದ್ದೀರಿ ಅನ್ನುವುದು ಗೊತ್ತಾಗುತ್ತಿತ್ತಲ್ವಾ?

ಕೆಲಸದಲ್ಲಿ ಇದೆಲ್ಲ ಒಂದೇ ಸಲ ಮಾಯವಾಗುತ್ತದೆ. ಕೆಲಸಕ್ಕೆ ಮುಗಿಯುವ ತಾರೀಖು ಇಲ್ಲ. ಒಂದು ಮುಗಿಸಿದರೆ ಮೇಜಿನ ಮೇಲೆ ಇನ್ನೊಂದು ಬಂದು ಕೂತಿರುತ್ತದೆ. ಅಂಕವಂತೂ ಇಲ್ಲವೇ ಇಲ್ಲ. ನೀವು ಮೂರು ದಿನ ಕೂತು ಒಂದು ವರದಿ ಮಾಡಿ ಕಳಿಸುತ್ತೀರಿ. ಆ ಕಡೆಯಿಂದ 'ಓಕೆ' ಅಂತ ಒಂದು ಪದ ಬರುತ್ತದೆ. ಎಷ್ಟೋ ಸಲ ಅದೂ ಬರುವುದಿಲ್ಲ. ಆಗ ಹೊಸಬರ ತಲೆಯಲ್ಲಿ ಏನು ಓಡುತ್ತದೆ ಗೊತ್ತಾ? 'ಸರ್‌ಗೆ ಇಷ್ಟ ಆಗಲಿಲ್ಲ ಅನ್ನಿಸುತ್ತೆ.' ವಾರಗಟ್ಟಲೆ ಅದೇ ಕೊರೆಯುತ್ತಿರುತ್ತದೆ. ಆದರೆ ಆ ಮೇಲಧಿಕಾರಿ ವರದಿಯನ್ನು ನೋಡಿ, ಸರಿಯಿದೆ ಅಂತ ಮುಂದಕ್ಕೆ ಕಳಿಸಿ, ಆಗಲೇ ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ನಾನು ನೋಡಿದ ಮಟ್ಟಿಗೆ ಕಚೇರಿಯ ಮೌನಕ್ಕೆ ಬಹಳ ಸಲ ಕಾರಣ ಪುರುಸೊತ್ತಿಲ್ಲದಿರುವುದು. ಕೋಪ ಇದ್ದರೆ ಸಾಮಾನ್ಯವಾಗಿ ಮಾತಿನಲ್ಲೇ ಗೊತ್ತಾಗುತ್ತದೆ.

ಆದ್ದರಿಂದ ಅಂಕವನ್ನು ನೀವೇ ಕೇಳಿ ಪಡೆಯಬೇಕು. ಕೇಳುವುದಕ್ಕೂ ಒಂದು ರೀತಿ ಇದೆ. 'ಸರ್, ನನ್ನ ಕೆಲಸ ಹೇಗಿದೆ?' ಅಂತ ಕೇಳಿದರೆ 'ಚೆನ್ನಾಗಿದೆ, ಹೀಗೇ ಮುಂದುವರಿಸಿ' ಅನ್ನುತ್ತಾರೆ. ಆ ಉತ್ತರದಿಂದ ಏನೂ ಪ್ರಯೋಜನ ಇಲ್ಲ. ಬದಲಿಗೆ ಹೀಗೆ ಕೇಳಿ ನೋಡಿ: 'ಮೇಡಂ, ಹೋದ ವಾರದ ವರದಿಯಲ್ಲಿ ನೀವು ಎರಡನೇ ಪುಟ ತಿದ್ದಿದ್ದು ನೋಡಿದೆ. ಮುಂದಿನ ಸಲ ಕಳಿಸುವ ಮೊದಲು ನಾನು ಏನನ್ನು ನೋಡಿಕೊಂಡರೆ ಆ ತಿದ್ದುಪಡಿ ಬೇಕಾಗುವುದಿಲ್ಲ?' ಇದಕ್ಕೆ ಎರಡೇ ನಿಮಿಷದಲ್ಲಿ ಉತ್ತರ ಕೊಡಬಹುದು. ಕೊಡುವವರಿಗೂ ಖುಷಿಯಾಗುತ್ತದೆ. ನೀವು ಕಲಿಯುತ್ತಿದ್ದೀರಿ ಅನ್ನುವುದು ಅವರಿಗೆ ಕಾಣುವುದೇ ಇಂಥ ಪ್ರಶ್ನೆಗಳಲ್ಲಿ. ಹದಿನೈದು ದಿನಕ್ಕೊಂದು ಸಲ ಇಂಥದ್ದೊಂದು ಪ್ರಶ್ನೆ ಕೇಳಿದರೆ ಸಾಕು.

ಈ ಕಾಲದಲ್ಲಿ ಆಗುವ ಗಲಿಬಿಲಿಯನ್ನು ಮಾರ್ಲೀನ್ ಕ್ರೇಮರ್ ಅನ್ನುವ ಅಮೆರಿಕದ ಸಂಶೋಧಕಿ ತುಂಬ ಹತ್ತಿರದಿಂದ ನೋಡಿದರು. ಕಾಲೇಜು ಮುಗಿಸಿ ಆಸ್ಪತ್ರೆಗೆ ಹೊಸದಾಗಿ ಸೇರಿದ ನರ್ಸ್‌ಗಳು ಯಾಕೆ ಕೆಲಸ ಬಿಟ್ಟು ಹೋಗುತ್ತಿದ್ದಾರೆ ಅನ್ನುವುದು ಅವರ ಪ್ರಶ್ನೆಯಾಗಿತ್ತು. 1974ರಲ್ಲಿ ಅವರು ಅದಕ್ಕೆ 'ರಿಯಾಲಿಟಿ ಶಾಕ್' ಅಂತ ಹೆಸರಿಟ್ಟರು. ಕಾಲೇಜಿನಲ್ಲಿ ಕಲಿಸುವುದು ಒಬ್ಬ ರೋಗಿಯನ್ನು ಪೂರ್ತಿಯಾಗಿ, ತಾಳ್ಮೆಯಿಂದ, ಎಲ್ಲ ಕ್ರಮ ಪಾಲಿಸಿ ನೋಡಿಕೊಳ್ಳುವುದನ್ನು. ವಾರ್ಡಿನಲ್ಲಿ ರೋಗಿಗಳು ಜಾಸ್ತಿ, ಸಮಯ ಕಡಿಮೆ. ಯಾರಿಗೆ ಮೊದಲು, ಯಾವುದನ್ನು ಆಮೇಲೆ ಅಂತ ಕ್ಷಣಕ್ಷಣಕ್ಕೂ ತೀರ್ಮಾನ ಮಾಡಬೇಕು. ಕಲಿತದ್ದು ಸುಳ್ಳಾ, ಇಲ್ಲಿ ನಡೆಯುತ್ತಿರುವುದು ತಪ್ಪಾ ಅಂತ ಹೊಸಬರು ಒದ್ದಾಡುತ್ತಾರೆ. ಕ್ರೇಮರ್ ಗುರುತಿಸಿದ ಹಾಗೆ ಮೊದಲು ಎಲ್ಲವೂ ಚೆಂದ ಕಾಣುವ ಹಂತ ಬರುತ್ತದೆ, ಆಮೇಲೆ ಆಘಾತ, ಆಮೇಲೆ ನಿಧಾನವಾಗಿ ಚೇತರಿಕೆ.

ಇದು ನರ್ಸ್‌ಗಳಿಗೆ ಮಾತ್ರ ಆಗುವಂಥದ್ದಲ್ಲ. ಪ್ರೋಗ್ರಾಮಿಂಗ್ ಓದಿದವರು ಕಾಲೇಜಿನಲ್ಲಿ ಖಾಲಿ ಪರದೆಯಿಂದ ಶುರು ಮಾಡಿ ತಮ್ಮದೇ ಕೋಡ್ ಬರೆಯುತ್ತಾರೆ. ಕೆಲಸದಲ್ಲಿ ಹತ್ತು ವರ್ಷ ಹಳೆಯದಾದ, ಬರೆದವರು ಬಿಟ್ಟುಹೋದ ಕೋಡನ್ನು ಓದಿ ಅದರಲ್ಲಿ ನಾಲ್ಕು ಸಾಲು ಬದಲಿಸಬೇಕು. ಶಿಕ್ಷಕರ ತರಬೇತಿಯಲ್ಲಿ ಒಂದು ಪಾಠಕ್ಕೆ ಒಂದು ವಾರ ತಯಾರಿ. ಶಾಲೆಯಲ್ಲಿ ದಿನಕ್ಕೆ ಐದು ಪೀರಿಯಡ್. ಲೆಕ್ಕಶಾಸ್ತ್ರದ ಪುಸ್ತಕದಲ್ಲಿ ಬೇಕಾದ ಅಂಕಿಯೆಲ್ಲ ಪ್ರಶ್ನೆಯಲ್ಲೇ ಇರುತ್ತದೆ. ಕಚೇರಿಯಲ್ಲಿ ಅರ್ಧ ದಿನ ಹೋಗುವುದೇ ಕಾಣೆಯಾದ ಬಿಲ್ ಹುಡುಕುವುದರಲ್ಲಿ. ಹೀಗಾಗಿ ಮೂರನೇ ತಿಂಗಳಲ್ಲಿ 'ನಾನು ಈ ಕೆಲಸಕ್ಕೆ ಹುಟ್ಟಿದವನಲ್ಲ' ಅನ್ನಿಸಿದರೆ ತಕ್ಷಣ ಅದನ್ನು ನಂಬಬೇಡಿ. ಆ ತಿಂಗಳಲ್ಲಿ ತುಂಬ ಜನರಿಗೆ ಹಾಗೇ ಅನ್ನಿಸುತ್ತದೆ. ತೀರ್ಮಾನ ಮಾಡುವುದಕ್ಕೆ ಅದು ಒಳ್ಳೆ ಸಮಯ ಅಲ್ಲ.

ಈಗ ಸುಸ್ತಿನ ವಿಷಯಕ್ಕೆ ಬರುತ್ತೇನೆ. ಮೊದಲ ತಿಂಗಳುಗಳ ಸುಸ್ತು ನೋಡಿ ಮನೆಯವರೂ 'ಕೂತು ಮಾಡುವ ಕೆಲಸಕ್ಕೆ ಇಷ್ಟು ಆಯಾಸ ಯಾಕೆ?' ಅನ್ನುತ್ತಾರೆ. ನಿಮಗೂ ಅದೇ ಪ್ರಶ್ನೆ. ಇದಕ್ಕೆ ನಿಜವಾದ ಕಾರಣಗಳಿವೆ.

ಒಂದು, ನಿದ್ದೆಯ ಗಡಿಯಾರ. ಜರ್ಮನಿಯ ಟಿಲ್ ರೋನೆಬರ್ಗ್ ಮತ್ತು ಅವರ ಜೊತೆಗಾರರು ಸಾವಿರಾರು ಜನರ ನಿದ್ದೆಯ ಹೊತ್ತನ್ನು ಕಲೆಹಾಕಿ 2004ರಲ್ಲಿ ಒಂದು ವಿಷಯ ತೋರಿಸಿದರು. ಹದಿಹರೆಯದಲ್ಲಿ ನಮ್ಮ ನಿದ್ದೆ ವರ್ಷದಿಂದ ವರ್ಷಕ್ಕೆ ತಡವಾಗುತ್ತಾ ಹೋಗುತ್ತದೆ. ಹತ್ತಿರಹತ್ತಿರ 20ನೇ ವಯಸ್ಸಿಗೆ ಅದು ಅತಿ ತಡವಾದ ಹಂತ ಮುಟ್ಟಿ, ಆಮೇಲೆ ಮೆಲ್ಲಗೆ ಹಿಂದಕ್ಕೆ ಬರುತ್ತದೆ. ಅಂದರೆ ದೇಹ ತಡವಾಗಿ ಮಲಗು, ತಡವಾಗಿ ಏಳು ಅಂತ ಹೇಳುವ ಕಾಲ ಇನ್ನೂ ಪೂರ್ತಿ ದಾಟಿರುವುದಿಲ್ಲ, ಅಷ್ಟರಲ್ಲೇ ನೀವು ಬೆಳಗ್ಗೆ ಕೆಲಸಕ್ಕೆ ಸೇರುತ್ತೀರಿ. ಇದು ಸೋಮಾರಿತನ ಅಲ್ಲ. ರಜೆಯ ದಿನದ ನಿದ್ದೆಗೂ ಕೆಲಸದ ದಿನದ ನಿದ್ದೆಗೂ ಇರುವ ಈ ಅಂತರಕ್ಕೆ ಅವರು 2006ರಲ್ಲಿ 'ಸೋಶಿಯಲ್ ಜೆಟ್‌ಲ್ಯಾಗ್' ಅಂತ ಕರೆದರು. ಶನಿವಾರ ರಾತ್ರಿಯೆಲ್ಲ ಎಚ್ಚರ ಇದ್ದು ಭಾನುವಾರ ಮಧ್ಯಾಹ್ನ ಏಳುವವರಿಗೆ ಸೋಮವಾರ ಯಾಕೆ ಅಷ್ಟು ಭಾರ ಅನ್ನುವುದು ಇದರಿಂದ ಅರ್ಥವಾಗುತ್ತದೆ. ರಜೆಯ ದಿನವೂ ಏಳುವ ಹೊತ್ತನ್ನು ಒಂದು ಗಂಟೆಗಿಂತ ಜಾಸ್ತಿ ಜಗ್ಗಬೇಡಿ. ದಿನಕ್ಕೆ ಏಳು ಗಂಟೆ ನಿದ್ದೆ ಬಿಡಬೇಡಿ. ನನಗೆ ಗೊತ್ತಿರುವ ಅತಿ ಉಪಯೋಗದ ಸಲಹೆ ಇದೇ. ಕೇಳುವುದಕ್ಕೆ ಸಪ್ಪೆ ಅನ್ನಿಸಿದರೂ ಮಾಡಿ ನೋಡಿ.

ಇನ್ನೊಂದು, ಹೊಸತನವೇ ಸುಸ್ತು ಮಾಡುತ್ತದೆ. ಹಳಬರು ಯೋಚನೆ ಮಾಡದೆ ಮಾಡುವ ನೂರು ಸಣ್ಣ ಕೆಲಸಗಳಿಗೂ ನೀವು ಗಮನ ಕೊಡಬೇಕು. ಫೈಲಿಗೆ ಹೆಸರು ಹೇಗಿಡಬೇಕು, ಈ ಮೇಲ್‌ನಲ್ಲಿ ಯಾರನ್ನು ಸೇರಿಸಬೇಕು, ಮೀಟಿಂಗಿನಲ್ಲಿ ಎಲ್ಲಿ ಕೂರಬೇಕು, ಆ ಹಿರಿಯರನ್ನು ಹೆಸರು ಹಿಡಿದು ಕರೆಯಬಹುದಾ. ಒಂದೊಂದೂ ಚಿಕ್ಕದು. ಸಂಜೆಯ ಹೊತ್ತಿಗೆ ಎಲ್ಲ ಸೇರಿ ತಲೆ ಖಾಲಿಯಾಗಿರುತ್ತದೆ. ಇದು ಕಡಿಮೆ ಆಗಿಯೇ ಆಗುತ್ತದೆ, ಆದರೆ ಒಂದು ವಾರದಲ್ಲಲ್ಲ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು ಒಂದು ಹೊಸ ಕೆಲಸ ತಾನಾಗಿಯೇ ಆಗುವ ಅಭ್ಯಾಸ ಆಗುವುದಕ್ಕೆ ಎಷ್ಟು ದಿನ ಬೇಕು ಅಂತ 96 ಜನರ ಮೇಲೆ ನೋಡಿದರು. ಹೆಚ್ಚುಕಡಿಮೆ 66 ದಿನ ಅಂತ ಬಂತು. ಆದರೆ ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸ ಎಷ್ಟಿತ್ತು ಅಂದರೆ 18 ದಿನದಿಂದ 254 ದಿನದವರೆಗೆ. ಪಕ್ಕದ ಸೀಟಿನವರು ಎರಡೇ ವಾರದಲ್ಲಿ ಹೊಂದಿಕೊಂಡರು, ನಾನು ಇನ್ನೂ ಒದ್ದಾಡುತ್ತಿದ್ದೇನೆ ಅಂತ ಕೊರಗುವವರು ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಿ.

ಮನೆಗೆ ಹೊರಡುವ ಹೊತ್ತಿನ ಬಗ್ಗೆಯೂ ಒಂದು ಮಾತು. ಹಳಬರು ಇನ್ನೂ ಕೂತಿದ್ದಾರೆ, ನಾನು ಎದ್ದರೆ ಏನಂದುಕೊಳ್ಳುತ್ತಾರೋ ಅಂತ ಹೊಸಬರು ಸುಮ್ನೆ ಪರದೆ ನೋಡುತ್ತಾ ಕೂರುತ್ತಾರೆ. ದಿನಕ್ಕೆ ಎಂಟು ಗಂಟೆ ಅನ್ನುವುದು ಯಾರೋ ದಯೆ ತೋರಿಸಿ ಕೊಟ್ಟದ್ದಲ್ಲ. ಎಂಟು ಗಂಟೆ ದುಡಿಮೆ, ಎಂಟು ಗಂಟೆ ಬಿಡುವು, ಎಂಟು ಗಂಟೆ ವಿಶ್ರಾಂತಿ ಅನ್ನುವ ಬೇಡಿಕೆ ಇಟ್ಟುಕೊಂಡು ಕಾರ್ಮಿಕರು ಹತ್ತೊಂಬತ್ತನೇ ಶತಮಾನದುದ್ದಕ್ಕೂ ಹೋರಾಡಿದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲಿ ಮಾಡಿದ ಮೊಟ್ಟಮೊದಲ ಒಪ್ಪಂದವೇ ಕೈಗಾರಿಕೆಗಳಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅನ್ನುವ ಮಿತಿಯ ಬಗ್ಗೆ. ಅಷ್ಟು ಜನ ಕಷ್ಟಪಟ್ಟು ಗಳಿಸಿದ ಸಂಜೆಯನ್ನು ಸಂಕೋಚಕ್ಕೆ ಕೊಟ್ಟುಬಿಡಬೇಡಿ. ತುರ್ತು ಇದ್ದ ದಿನ ಖಂಡಿತ ಕೂರಿ. ಇಲ್ಲದ ದಿನ 'ಇವತ್ತಿನದು ಮುಗಿಸಿದ್ದೇನೆ, ಉಳಿದದ್ದು ನಾಳೆ ಹನ್ನೊಂದರೊಳಗೆ ಕೊಡುತ್ತೇನೆ' ಅಂತ ಹೇಳಿ ಹೊರಡಿ. ಹಾಗೆ ಹೇಳಿದವರನ್ನು ಹೆಚ್ಚಿನ ಕಡೆ ಯಾರೂ ತಡೆಯುವುದಿಲ್ಲ. ನಾಳೆ ಹನ್ನೊಂದಕ್ಕೆ ಕೊಡುವುದು ಮಾತ್ರ ತಪ್ಪಬಾರದು.

ಇನ್ನು ನಾನು ಅತಿ ಮುಖ್ಯ ಅಂದುಕೊಂಡಿರುವ ವಿಷಯ. ಸಂದೇಹ ಕೇಳುವುದು.

ಒಂದು ಘಟನೆ ಹೇಳುತ್ತೇನೆ. ನಮ್ಮ ತಂಡಕ್ಕೆ ಆಗಷ್ಟೇ ಸೇರಿದ್ದ ಒಬ್ಬ ಹುಡುಗಿಗೆ ಗ್ರಾಹಕರ ಪಟ್ಟಿಯೊಂದನ್ನು ಕೊಟ್ಟು, ಎರಡೆರಡು ಸಲ ಬಂದಿರುವ ಹೆಸರುಗಳನ್ನು ತೆಗೆದು ಸಂಜೆಯೊಳಗೆ ಕಳಿಸು ಅಂದಿದ್ದರು. ಕೆಲಸ ಸುಲಭ. ಮಧ್ಯದಲ್ಲಿ ಒಂದು ತೊಡಕು ಬಂತು. ಕೆಲವು ಗ್ರಾಹಕರ ಹೆಸರು ಎರಡು ಸಲ ಇದೆ, ಆದರೆ ತಾರೀಖು ಬೇರೆ ಬೇರೆ. ಯಾವುದನ್ನು ಉಳಿಸಬೇಕು? ಅವಳು ಒಂದೂವರೆ ಗಂಟೆ ಯೋಚನೆ ಮಾಡಿದಳು. ಹಳೆಯ ಮೇಲ್‌ಗಳನ್ನೆಲ್ಲ ಹುಡುಕಿದಳು. ಎರಡು ಸಲ ಎದ್ದು ಹಿರಿಯರ ಸೀಟಿನ ಹತ್ತಿರ ಹೋಗಿ, ಅವರು ಫೋನಿನಲ್ಲಿದ್ದುದನ್ನು ನೋಡಿ ವಾಪಸ್ ಬಂದಳು. ಕೊನೆಗೆ ಹೊಸ ತಾರೀಖೇ ಸರಿ ಇರಬೇಕು ಅಂತ ಊಹಿಸಿ ಹಳೆಯದನ್ನೆಲ್ಲ ಅಳಿಸಿದಳು. ಆದರೆ ಬೇಕಾಗಿದ್ದುದು ಹಳೆಯ ತಾರೀಖು. ಗ್ರಾಹಕರು ಮೊದಲು ಒಪ್ಪಂದ ಮಾಡಿಕೊಂಡ ದಿನ ಅದು. ಮಾರನೇ ದಿನ ಆ ಪಟ್ಟಿಯನ್ನು ನಂಬಿ ಇನ್ನಿಬ್ಬರು ಮಾಡಿದ್ದ ಲೆಕ್ಕವೂ ಸೇರಿ ಎಲ್ಲವನ್ನೂ ಹೊಸದಾಗಿ ಮಾಡಬೇಕಾಯಿತು.

ಅವಳಿಗೆ ಕೇಳುವುದಕ್ಕೆ ಭಯ. ಕೇಳಿದರೆ ಇಷ್ಟೂ ಗೊತ್ತಿಲ್ವಾ ಅಂತಾರೆ ಅನ್ನುವ ಭಯ. ಈ ಭಯ ಎಲ್ಲಿಂದ ಬರುತ್ತದೆ ನೋಡಿ. ಪರೀಕ್ಷೆಯ ಕೋಣೆಯಲ್ಲಿ ಪಕ್ಕದವರನ್ನು ಕೇಳುವುದು ಅಪರಾಧ. ಅಷ್ಟು ವರ್ಷ ಉತ್ತರ ಒಬ್ಬರೇ ಹುಡುಕಬೇಕು, ಕೇಳಿದರೆ ಮೋಸ ಅಂತ ಕಲಿತಿದ್ದೇವೆ. ಕೆಲಸದಲ್ಲಿ ನಿಯಮ ಪೂರ್ತಿ ಉಲ್ಟಾ. ಇಲ್ಲಿ ಗೊತ್ತಿರುವವರು ಪಕ್ಕದಲ್ಲೇ ಇದ್ದೂ ಕೇಳದೆ ಊಹಿಸುವುದೇ ತಪ್ಪು.

ನಾನು ಹೊಸಬರಿಗೆ ಹೇಳುವುದು ಇಷ್ಟು. ತೊಡಕು ಬಂದರೆ ಅರ್ಧ ಗಂಟೆ ನೀವೇ ಪ್ರಯತ್ನಿಸಿ. ಆಗಲಿಲ್ಲ ಅಂದರೆ ಕೇಳಿ. ಅವರು ಫೋನಿನಲ್ಲಿದ್ದರೆ ಬರೆದು ಕಳಿಸಿ. ಹೇಗೆ ಬರೆಯಬೇಕು? 'ಸರ್, ಒಂದು ಡೌಟ್ ಇತ್ತು, ಫ್ರೀ ಇದ್ದೀರಾ?' ಅಂತ ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: 'ಸರ್, ಗ್ರಾಹಕರ ಪಟ್ಟಿ ಮಾಡುತ್ತಿದ್ದೇನೆ. ಕೆಲವರ ಹೆಸರು ಎರಡು ತಾರೀಖಿನಲ್ಲಿ ಬಂದಿದೆ. ಹಳೆಯ ಮೇಲ್‌ಗಳಲ್ಲಿ ಹುಡುಕಿದೆ, ಇದರ ಬಗ್ಗೆ ಸಿಗಲಿಲ್ಲ. ಹೊಸ ತಾರೀಖು ಉಳಿಸಬೇಕು ಅಂದುಕೊಂಡಿದ್ದೇನೆ. ಸರೀನಾ?' ಏನು ಮಾಡುತ್ತಿದ್ದೀರಿ, ಎಲ್ಲಿ ನಿಂತಿದೆ, ಏನು ನೋಡಿದಿರಿ, ನಿಮಗೆ ಏನನ್ನಿಸುತ್ತದೆ, ಎಲ್ಲ ಇದರಲ್ಲಿದೆ. ಅವರು ಫೋನ್ ಇಟ್ಟ ತಕ್ಷಣ 'ಬೇಡ, ಹಳೆಯದು' ಅಂತ ಎರಡು ಪದ ಟೈಪ್ ಮಾಡಿದರೆ ಮುಗಿಯಿತು.

ಉತ್ತರ ಬಂದ ಮೇಲೆ ಅದನ್ನು ಬರೆದಿಟ್ಟುಕೊಳ್ಳಿ. ಇದನ್ನು ಒತ್ತಿ ಹೇಳುತ್ತೇನೆ. ಹರ್ಮನ್ ಎಬಿಂಗ್‌ಹೌಸ್ ಅನ್ನುವ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಮರೆವು ಅತಿ ಜೋರಾಗಿರುವುದು ಕಲಿತ ಮೊದಲ ಕೆಲವು ಗಂಟೆಗಳಲ್ಲೇ. ಹೊಸ ಕಚೇರಿಯ ಕೋಡ್‌ಗಳು, ಫೋಲ್ಡರ್ ಹೆಸರುಗಳು ನಿಮಗೆ ಮೊದಲಿಗೆ ಅರ್ಥವಿಲ್ಲದ ಅಕ್ಷರಗಳೇ ತಾನೇ? ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೂ ಪರವಾಗಿಲ್ಲ. ನಾಲ್ಕನೇ ಸಲ ಕೇಳಿದಾಗ ಎದುರಿನವರಿಗೆ ಬೇಸರವಾಗುತ್ತದೆ. ಆ ಬೇಸರ ನ್ಯಾಯವಾದದ್ದೇ.

ತಪ್ಪಾದಾಗ ಏನು ಮಾಡಬೇಕು? ತಕ್ಷಣ ಹೇಳಬೇಕು. ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಚೆನ್ನಾಗಿ ಹೊಂದಿಕೊಂಡು ಕೆಲಸ ಮಾಡುವ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರು ಅಂದುಕೊಂಡಿದ್ದರು. ಲೆಕ್ಕದಲ್ಲಿ ಅಲ್ಲೇ ಜಾಸ್ತಿ ಬಂತು. ಆಮೇಲೆ ನೋಡಿದರೆ ಆ ತಂಡಗಳಲ್ಲಿ ತಪ್ಪನ್ನು ಬಚ್ಚಿಡದೆ ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ತಪ್ಪು ಹೇಳುವಾಗ ಉದ್ದ ಪೀಠಿಕೆ ಬೇಡ. ಏನಾಗಿದೆ, ಯಾರಿಗೆಲ್ಲ ತೊಂದರೆ ಆಗುತ್ತದೆ, ಈಗ ಏನು ಮಾಡುತ್ತಿದ್ದೇನೆ, ಇಷ್ಟೇ. ಆ ಹುಡುಗಿಯ ವಿಷಯದಲ್ಲೂ ಮಾರನೇ ದಿನ ಬೆಳಗ್ಗೆ ತಪ್ಪು ಗೊತ್ತಾದ ಕೂಡಲೇ ಅವಳೇ ಬಂದು ಹೇಳಿದಳು. ಅದರಿಂದ ಪಟ್ಟಿ ಗ್ರಾಹಕರ ಕೈಗೆ ಹೋಗುವುದು ತಪ್ಪಿತು. ತಂಡದವರಿಗೆ ಅವಳ ಮೇಲೆ ನಂಬಿಕೆ ಬಂದದ್ದು ಆ ದಿನದಿಂದ.

ಸ್ನೇಹಿತರ ಬಗ್ಗೆ ಸ್ವಲ್ಪ ಹೇಳಬೇಕು. ಕೆಲಸಕ್ಕೆ ಸೇರಿದವರು ಒಂಟಿತನದ ಬಗ್ಗೆ ನನ್ನ ಹತ್ತಿರ ಹೇಳಿಕೊಂಡಷ್ಟು ಸಂಬಳದ ಬಗ್ಗೆ ಹೇಳಿಲ್ಲ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಒಂದು ಅಂದಾಜು ಕೊಟ್ಟರು. ಪರಿಚಯ ಒಂದು ಮಟ್ಟದ ಸ್ನೇಹವಾಗುವುದಕ್ಕೆ ಸುಮಾರು 50 ಗಂಟೆ ಜೊತೆಯಲ್ಲಿ ಕಳೆಯಬೇಕು. ಆಪ್ತ ಸ್ನೇಹಕ್ಕೆ 200 ಗಂಟೆಗಿಂತ ಹೆಚ್ಚು. ಕಾಲೇಜಿನಲ್ಲಿ ಈ ಗಂಟೆಗಳು ಪುಕ್ಕಟೆ ಸಿಕ್ಕಿದ್ದವು. ಈಗ ಸಿಗುವುದಿಲ್ಲ. ಒಂದೇ ಕೋಣೆಯಲ್ಲಿ ಕೂತು ಅವರವರ ಕೆಲಸ ಮಾಡಿದ ಹೊತ್ತು ಸ್ನೇಹದ ಲೆಕ್ಕಕ್ಕೆ ಅಷ್ಟಾಗಿ ಬರುವುದೂ ಇಲ್ಲ. ಆದ್ದರಿಂದ ಹೊಸ ಕಡೆ ಆರು ತಿಂಗಳಾದರೂ ಆಪ್ತರು ಸಿಗಲಿಲ್ಲ ಅಂದರೆ ಅದು ನಿಮ್ಮ ಸ್ವಭಾವದ ದೋಷ ಅಂದುಕೊಳ್ಳಬೇಡಿ. ಹಳೆಯ ಇಬ್ಬರು ಮೂವರು ಸ್ನೇಹಿತರ ಜೊತೆ ವಾರದಲ್ಲಿ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. 'ಯಾವಾಗಲಾದರೂ ಸಿಗೋಣ' ಅಂದರೆ ಸಿಗುವುದೇ ಇಲ್ಲ.

ದುಡ್ಡಿನ ವಿಷಯ ಚಿಕ್ಕದು. ಮೊದಲ ಸಂಬಳದ ಚೀಟಿಯನ್ನು ಸಾಲು ಸಾಲಾಗಿ ಓದಿ. ಹೇಳಿದ ಮೊತ್ತಕ್ಕೂ ಕೈಗೆ ಬರುವ ಮೊತ್ತಕ್ಕೂ ಯಾಕೆ ವ್ಯತ್ಯಾಸ ಅಂತ ಅರ್ಥವಾಗದಿದ್ದರೆ ಲೆಕ್ಕ ವಿಭಾಗದವರನ್ನು ಕೇಳಿ. ಮೊದಲ ಕೆಲವು ತಿಂಗಳು ಖರ್ಚನ್ನು ವಿದ್ಯಾರ್ಥಿಯಾಗಿದ್ದಾಗಿನ ಮಟ್ಟದಲ್ಲೇ ಇಡಿ. ಕೈಯಲ್ಲಿ ಕೆಲವು ತಿಂಗಳ ಖರ್ಚಿಗೆ ದುಡ್ಡಿದ್ದವರು ಕೆಟ್ಟ ಕೆಲಸವನ್ನು ಬಿಡಬಲ್ಲರು. ಉಳಿತಾಯಕ್ಕೆ ನನಗೆ ಗೊತ್ತಿರುವ ದೊಡ್ಡ ಕಾರಣ ಅದು.

ಮಾತು ಶುರುವಾಗುವ ಮೊದಲು ನಿಮ್ಮಲ್ಲಿ ಕೆಲವರು ಚೀಟಿಯಲ್ಲಿ ಪ್ರಶ್ನೆ ಬರೆದು ಕೊಟ್ಟಿದ್ದೀರಿ. ಹೆಚ್ಚಿನ ಚೀಟಿಗಳಲ್ಲಿ ಒಂದೇ ಪ್ರಶ್ನೆ ಇದೆ: ಇಷ್ಟವಾಗದಿದ್ದರೆ ಎಷ್ಟು ದಿನ ಇದ್ದು ನೋಡಬೇಕು?

ಕಷ್ಟ ಬೇರೆ, ಹಾನಿ ಬೇರೆ. ಕೆಲಸ ಬೇಸರ, ಅರ್ಥವಾಗುತ್ತಿಲ್ಲ, ಯಾರೂ ಮೆಚ್ಚುತ್ತಿಲ್ಲ, ಇದೆಲ್ಲ ಕಷ್ಟ. ಇದಕ್ಕೆ ಒಂದು ವರ್ಷ ಕೊಡಿ ಅನ್ನುತ್ತೇನೆ. ಸಂಬಳ ಕೊಡದಿರುವುದು, ಸುಳ್ಳು ದಾಖಲೆಗೆ ಸಹಿ ಹಾಕು ಅನ್ನುವುದು, ಎಲ್ಲರೆದುರು ಅವಮಾನ ಮಾಡುವುದು, ಮೈಮೇಲೆ ಬರುವುದು, ಇದೆಲ್ಲ ಹಾನಿ. ಇದಕ್ಕೆ ವರ್ಷ ಕಾಯಬೇಕಾಗಿಲ್ಲ. ನಡೆದದ್ದನ್ನು ತಾರೀಖಿನ ಸಮೇತ ಬರೆದಿಡಿ, ನಂಬಿಕೆಯ ಒಬ್ಬರಿಗೆ ಹೇಳಿ, ಹೊರಬರುವ ದಾರಿ ನೋಡಿ.

ಕಷ್ಟದಲ್ಲಿರುವವರು ಪ್ರತಿ ಶುಕ್ರವಾರ ಮೂರು ಸಾಲು ಬರೆಯಿರಿ. ಈ ವಾರ ಏನು ಕಲಿತೆ, ಎಲ್ಲಿ ಸಿಕ್ಕಿಹಾಕಿಕೊಂಡೆ, ಯಾರನ್ನು ಕೇಳಿದೆ. ಮೂರು ತಿಂಗಳಾದ ಮೇಲೆ ಎಲ್ಲವನ್ನೂ ಒಟ್ಟಿಗೆ ಓದಿ. ಸಿಕ್ಕಿಹಾಕಿಕೊಳ್ಳುವ ಜಾಗ ಬದಲಾಗುತ್ತಿದ್ದರೆ ನೀವು ಮುಂದೆ ಹೋಗುತ್ತಿದ್ದೀರಿ. ಅದೇ ಸಾಲು ಪ್ರತಿ ವಾರ ಬರುತ್ತಿದ್ದರೆ ಆ ಹಾಳೆ ಹಿಡಿದುಕೊಂಡೇ ಮೇಲಧಿಕಾರಿಯ ಹತ್ತಿರ ಹೋಗಿ. ಕೇಳಿದ ಮೇಲೂ ಏನೂ ಬದಲಾಗದಿದ್ದರೆ ಬೇರೆ ಕೆಲಸ ಹುಡುಕಲು ಶುರು ಮಾಡಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಬಿಡುವ ತೀರ್ಮಾನ ಮಾಡಿದರೆ ನೋಟಿಸ್ ಎಷ್ಟು ದಿನ, ಪ್ರೊಬೇಷನ್ ಮುಗಿದಿದೆಯಾ, ವಾಪಸ್ ಕಟ್ಟಬೇಕಾದ ತರಬೇತಿ ಹಣ ಏನಾದರೂ ಇದೆಯಾ ಅನ್ನುವುದನ್ನು ಮೊದಲು ನೋಡಿಕೊಳ್ಳಿ. ಇದು ಸಾಮಾನ್ಯವಾಗಿ ನೇಮಕಾತಿ ಪತ್ರದಲ್ಲೇ ಇರುತ್ತದೆ. ಆ ಪತ್ರವನ್ನು ಸೇರುವ ದಿನವೇ ಪೂರ್ತಿ ಓದಿ, ಒಂದು ಪ್ರತಿಯನ್ನು ನಿಮ್ಮ ಸ್ವಂತ ಮೇಲ್‌ಗೆ ಹಾಕಿಟ್ಟುಕೊಳ್ಳಿ. ಕಚೇರಿಯ ಮೇಲ್‌ನಲ್ಲಿ ಮಾತ್ರ ಇದ್ದರೆ, ಕೆಲಸ ಬಿಟ್ಟ ದಿನ ಅದೂ ಕೈತಪ್ಪುತ್ತದೆ.